ಬಾಟಲಿಯ ಬಾಯಿಗೆ ಕಟ್ಟಿದ ಬಟ್ಟೆ

ಹಾವೇರಿ
೩ ನವೆಂಬರ್ ೨೦೨೫

ಶ್ರೀ ಪ್ರವೀಣಕುಮಾರ ಅವರಿಗೆ,

೨೦೨೫ರ ಫೆಬ್ರುವರಿ ೧೬, ರವಿವಾರ ಸಂಜೆ ನೀವು ಪೊಲೀಸ್ ಠಾಣೆಯಲ್ಲಿ ಕೂತು ನನ್ನ ತಮ್ಮ ವಿಕ್ರಮನ ವಿರುದ್ಧ ಸುಳ್ಳು ಹೇಳಿಕೆ ಕೊಟ್ಟಿರಿ. ಆ ದಿನ ಮಧ್ಯಾಹ್ನ ಬ್ಯಾಡಗಿಯಿಂದ ಕಾಗಿನೆಲೆಗೆ ಹೋಗುವ ರಸ್ತೆಯ ತಿರುವಿನಲ್ಲಿ ಅವನ ಹಳೆಯ ಬುಲೆಟ್ ಜಾರಿ ಬಿದ್ದಿತ್ತು. ಹಿಂದೆ ಕೂತಿದ್ದ ಅವನ ಗೆಳೆಯ ಮೈಲಪ್ಪ ಅಲ್ಲೇ ತೀರಿಕೊಂಡಿದ್ದ. ವಿಕ್ರಮ ಕಾಲು ಮುರಿದುಕೊಂಡು ಎಚ್ಚರವಿಲ್ಲದೆ ಆಸ್ಪತ್ರೆಯಲ್ಲಿದ್ದ. ಆ ಹೊತ್ತಿನಲ್ಲಿ ನೀವು, ಅವನ ಗಾಡಿಯ ಎಂಜಿನ್ ಕಟ್ಟಿದವರು, ನಿಮ್ಮ ಹಳೆ ಮೋಟಾರ್ ಸೈಕಲ್ ಬಳಗದ ಸವಾರಿಯಲ್ಲಿ ಅವನ ಬೆನ್ನಿಗೇ ಬರುತ್ತಿದ್ದವರು, "ವಿಕ್ರಮ ಭಾಳ ಜೋರ್ ಹೊಂಟಿದ್ದ, ಗಾಡ್ಯಾಗ ಏನೂ ದೋಷ ಇಲ್ರಿ" ಎಂದು ಬರೆಸಿ ಸಹಿ ಹಾಕಿದಿರಿ.

ಸುಳ್ಳು ಎಂದು ಹೇಗೆ ಹೇಳುತ್ತೇನೆ ಎಂದರೆ, ಆಸ್ಪತ್ರೆಯವರು ಅವನ ಪ್ಯಾಂಟನ್ನು ಕತ್ತರಿಸಿ ತೆಗೆದು ಚೀಲದಲ್ಲಿ ನನ್ನ ಕೈಗೆ ಕೊಟ್ಟರು. ನಾನು ಅದನ್ನು ಒಗೆಯಲಿಲ್ಲ. ವಿಕ್ರಮ ಬಿದ್ದದ್ದು ಬಲಕ್ಕೆ. ಬಲಗಾಲಿನ ಬಟ್ಟೆ ತುಂಬ ಮಣ್ಣು, ರಕ್ತ. ಎಡಗಾಲಿನ ಬಟ್ಟೆಗೆ ಮಣ್ಣೇ ಇಲ್ಲ, ಮೊಣಕಾಲಿನ ಹಿಂದಿನಿಂದ ಹಿಮ್ಮಡಿಯವರೆಗೆ ಎಂಜಿನ್ ಎಣ್ಣೆ, ಪಿಚಕಾರಿಯಿಂದ ಹೊಡೆದ ಹಾಗೆ. ಗಾಡಿ ಬಿದ್ದ ಮೇಲೆ ಎಣ್ಣೆ ಚೆಲ್ಲಿದ್ದರೆ ಮೇಲೆ ಉಳಿದ ಕಾಲಿಗೆ ಅದು ಹೇಗೆ ಹತ್ತಿತು? ಓಡುವಾಗಲೇ ಎಲ್ಲಿಂದಲೋ ಎಣ್ಣೆ ಹಾರಿದೆ. ಅದೇ ಎಣ್ಣೆ ಹಿಂದಿನ ಚಕ್ರಕ್ಕೂ ಬಿದ್ದಿದೆ. ಇದನ್ನು ತಿಳಿಯಲು ಮೆಕ್ಯಾನಿಕ್ ಆಗಬೇಕಿಲ್ಲ.

ಪೊಲೀಸರಿಗೆ ತೋರಿಸಿದೆ. "ಗಾಡಿ ಅಂದಮ್ಯಾಲ ಎಣ್ಣಿ ಇರತದರಿ ಮೇಡಮ್ಮಾರ" ಎಂದರು.

ಎಂಟು ತಿಂಗಳು ಸುಮ್ಮನಿದ್ದವಳು ಈಗ ಬರೆಯಲು ಕಾರಣವಿದೆ. ಜನವರಿ ೧೨ಕ್ಕೆ ಬ್ಯಾಡಗಿಯ ನ್ಯಾಯಾಲಯದಲ್ಲಿ ಪ್ರಕರಣ ಬರುತ್ತದೆ. ವಿಕ್ರಮ ತಪ್ಪೊಪ್ಪಿಕೊಳ್ಳುತ್ತೇನೆ ಎನ್ನುತ್ತಿದ್ದಾನೆ. ತಲೆಗೆ ಪೆಟ್ಟಾದದ್ದರಿಂದ ಆ ತಿರುವು ಅವನಿಗೆ ನೆನಪಿಲ್ಲ. ನಿಮ್ಮ ಹೇಳಿಕೆಯೇ ಈಗ ಅವನ ನೆನಪು. ತನ್ನ ಮೋಟಾರ್ ವೈಂಡಿಂಗ್ ಅಂಗಡಿಯ ಬಾಗಿಲು ತೆಗೆದಿಲ್ಲ. ಊಟಕ್ಕೆ ಕರೆದರೆ ಬಂದು ಕೂತು ತಟ್ಟೆ ನೋಡುತ್ತಾನೆ. ನಾನು ಜಗಳಾಡಿದರೆ ಅವನದು ಒಂದೇ ಮಾತು: "ಪ್ರವೀಣಣ್ಣ ಹಿಂದ ಇದ್ದಾ, ಕಣ್ಣಾರೆ ನೋಡ್ಯಾನ. ಅವ ಸುಳ್ಳು ಹೇಳೂ ಮನಷ್ಯಾ ಅಲ್ಲ ಅಕ್ಕಾ. ಮೈಲ್ಯಾನ್ನ ನಾನs ಕೊಂದೀನಿ."

ವಕೀಲರು ಜೈಲಾಗಬಹುದು ಎಂದಿದ್ದಾರೆ. ನನಗೆ ಅದಕ್ಕಿಂತ ಹೆಚ್ಚಿನ ಭಯ, ಅವನು ಇದನ್ನು ನಂಬಿಕೊಂಡೇ ಉಳಿದ ಆಯುಷ್ಯ ಕಳೆಯುತ್ತಾನೆ ಎಂಬುದು.

ನೀವು ಫೋನ್ ಎತ್ತುವುದಿಲ್ಲ. ಆದ್ದರಿಂದ ರಿಜಿಸ್ಟರ್ ಅಂಚೆ. ಉತ್ತರವೂ ಕಾಗದದಲ್ಲೇ ಬರಲಿ.

ಜ್ಯೋತ್ಸ್ನಾ ಸವಣೂರ
ನಿವೃತ್ತ ಗ್ರಂಥಪಾಲಕಿ


ರಾಣೆಬೆನ್ನೂರು
೧೪ ನವೆಂಬರ್ ೨೦೨೫

ಮಾನ್ಯ ಜ್ಯೋತ್ಸ್ನಾ ಮೇಡಂ ಅವರಿಗೆ,

ತಮ್ಮ ಪತ್ರ ತಲುಪಿತು. ದಿ. ಮೈಲಪ್ಪನವರಿಗೆ ನಮ್ಮ ಹಳೆ ಮೋಟಾರ್ ಸೈಕಲ್ ಬಳಗದಿಂದ ಆಗಲೇ ಶ್ರದ್ಧಾಂಜಲಿ ಸಲ್ಲಿಸಲಾಗಿದೆ. ತಾವು ದುಃಖದಲ್ಲಿ ಬರೆದಿದ್ದೀರಿ, ಆದ್ದರಿಂದ ಕೆಲವು ಶಬ್ದಗಳನ್ನು ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ.

ತಾಂತ್ರಿಕ ವಿಷಯ ತಿಳಿಸುವುದು ನನ್ನ ಕರ್ತವ್ಯ. ಎಂಜಿನ್ನಿನೊಳಗೆ ಪಿಸ್ಟನ್ ಕೆಳಗೆ ಬಂದಾಗಲೆಲ್ಲ ಅದರ ಅಡಿಯ ಚೇಂಬರಿನಲ್ಲಿರುವ ಗಾಳಿ ಹೊರಗೆ ಹೋಗಬೇಕು. ಹೋಗುವಾಗ ಒಂದಿಷ್ಟು ಎಣ್ಣೆಯನ್ನೂ ಹೊತ್ತೊಯ್ಯುತ್ತದೆ. ಅದಕ್ಕಾಗಿ ಇರುವುದು ಬ್ರೀದರ್ ಪೈಪು. ಹಳೆಯ ಬುಲೆಟ್ಟಿನಲ್ಲಿ ಆ ಪೈಪಿನ ತುದಿ ಚೈನಿನ ಕಡೆಗಿರುತ್ತದೆ, ತೊಟ್ಟಿಕ್ಕುವ ಎಣ್ಣೆ ಚೈನಿಗೇ ಆಗುತ್ತದೆ. ವಿಕ್ರಮ ಅವರು ಕಳೆದ ವರ್ಷ ದಸರೆಯಲ್ಲಿ ತಾವಾಗಿಯೇ ಕೇಳಿ ದೊಡ್ಡ ಪಿಸ್ಟನ್ ಹಾಕಿಸಿಕೊಂಡರು. ಪಿಸ್ಟನ್ ದೊಡ್ಡದಾದರೆ ಗಾಳಿಯೂ ಹೆಚ್ಚು, ಹೊರಬರುವ ಎಣ್ಣೆಯೂ ಹೆಚ್ಚು. ಅದು ಟೈರಿಗೆ ಬೀಳಬಾರದೆಂದು ಬಳಗದ ಎಲ್ಲ ಗಾಡಿಗಳಂತೆ ಇದಕ್ಕೂ ನಾನು ಸೀಟಿನ ಕೆಳಗೆ, ಎಡಕ್ಕೆ, ಒಂದು ಸ್ಟೀಲ್ ಬಾಟಲಿ ಕೂರಿಸಿ ಪೈಪನ್ನು ಅದರೊಳಗೆ ಬಿಟ್ಟೆ. ಎಣ್ಣೆ ಬಾಟಲಿಯಲ್ಲಿ ನಿಲ್ಲುತ್ತದೆ, ಗಾಳಿ ಮೇಲಿನ ಬಾಯಿಂದ ಹೋಗುತ್ತದೆ. ಖಾಲಿ ಮಾಡಲು ತಳದಲ್ಲಿ ಪುಟ್ಟ ನಲ್ಲಿ ಇದೆ.

ಈ ವ್ಯವಸ್ಥೆಯಲ್ಲಿ ದೋಷವಿಲ್ಲ. ಆದರೆ ಬಾಟಲಿ ತುಂಬಿದರೆ ಎಣ್ಣೆ ಚೆಲ್ಲುತ್ತದೆ. ಆಗಾಗ ಖಾಲಿ ಮಾಡುವುದು ಸವಾರನ ಕೆಲಸ. ವಿಕ್ರಮ ಅವರು ಕೊನೆಯ ಸಲ ಬಾಟಲಿ ಖಾಲಿ ಮಾಡಿದ್ದು ಯಾವಾಗ? ತಾವೇ ವಿಚಾರಿಸಬೇಕು.

ಗಾಡಿ ಪೊಲೀಸರಿಂದ ಬಿಡುಗಡೆಯಾದ ಮೇಲೆ ನಮ್ಮ ಗ್ಯಾರೇಜಿನಲ್ಲಿ ಸಂಪೂರ್ಣ ಹೊಸದರಂತೆ ಕಟ್ಟಿಕೊಡುತ್ತೇನೆ. ಏನೂ ಕೊಡುವುದು ಬೇಡ. ತಮ್ಮ ಪತ್ರದ ಉದ್ದೇಶ ಅದೇ ಇದ್ದರೆ ಸಂಕೋಚ ಬೇಡ.

ಪ್ರವೀಣಕುಮಾರ
ಅಧ್ಯಕ್ಷರು


ಹಾವೇರಿ
೧೮ ನವೆಂಬರ್ ೨೦೨೫

ಪ್ರವೀಣ,

ಲೆಟರ್‌ಹೆಡ್ಡಿನ ಮೇಲಿನ ಆ 'ತಾವು', 'ಸಲ್ಲಿಸಲಾಗಿದೆ' ಎಲ್ಲ ಓದಿ ನನಗೆ ನಗು ಬಂತು. ಹಾವೇರಿ ಜಿಲ್ಲೆಯಾದ ವರ್ಷ ನಮ್ಮ ಗ್ರಂಥಾಲಯದ ಮೂಲೆಯ ಬೆಂಚಿನಲ್ಲಿ ಕೂತು ಮೋಟಾರ್ ಸೈಕಲ್ಲಿನ ದಪ್ಪ ಪುಸ್ತಕದಿಂದ ಚಿತ್ರ ಬಿಡಿಸಿಕೊಳ್ಳುತ್ತಿದ್ದವನು ನೀನೇ ತಾನೆ? ಹೊರಗೆ ಕೊಡಬಾರದ ಪುಸ್ತಕವದು. "ಅಕ್ಕಾರ, ಒಂದ ರಾತ್ರಿ ಕೊಡ್ರಿ, ಗ್ರೀಸಿನ ಕೈ ಹಚ್ಚಂಗಿಲ್ಲ" ಎಂದು ಅಂಗಲಾಚಿದ್ದೆ. ಕೊಟ್ಟೆ. ಮರುದಿನ ನೀನು ರಟ್ಟಿಗೆ ಖಾಕಿ ಕಾಗದ ಹೊದಿಸಿ ತಂದುಕೊಟ್ಟೆ. ಆ ಹುಡುಗನಿಗೆ ಬರೆಯುತ್ತಿದ್ದೇನೆ, ಅಧ್ಯಕ್ಷರಿಗಲ್ಲ.

ನಿನ್ನ ಪ್ರಶ್ನೆಗೆ ಉತ್ತರ. ವಿಕ್ರಮ ಬಾಟಲಿ ಖಾಲಿ ಮಾಡಿದ್ದು ಅದೇ ದಿನ ಬೆಳಿಗ್ಗೆ. ನಾನು ಅಂಗಳದಲ್ಲಿ ತುಳಸಿಗೆ ನೀರು ಹಾಕುತ್ತಿದ್ದೆ. ಹಳೆಯ ಸ್ಟೀಲ್ ಲೋಟ ಹಿಡಿದು ನಲ್ಲಿ ತಿರುಗಿಸಿದ. ಚಳಿಗೆ ನೀರಿನ ಹಬೆ ಬೆರೆತು ಎಣ್ಣೆ ಬೆಳ್ಳಗೆ ನೊರೆನೊರೆಯಾಗಿತ್ತು. "ಅಕ್ಕಾ, ಮಜ್ಜಿಗಿ ಕಡದದ ನೋಡು, ಒಗ್ಗರಣಿ ಹಾಕ್ತೀ ಏನ?" ಎಂದು ನನ್ನ ಮೂಗಿನ ಹತ್ತಿರ ಹಿಡಿದ. ನಾನು ಬೈದೆ. ನಕ್ಕು ಅದನ್ನು ಗೇಟಿನ ಕಿರುಗುಟ್ಟುವ ತಿರುಗಣಿಗೆ ಸುರಿದ. ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ. ಹಾಗಾಗಿ ಮರೆತಿಲ್ಲ.

ಎಂದಮೇಲೆ ಬಾಟಲಿ ತುಂಬಿರಲಿಲ್ಲ. ಎಣ್ಣೆ ಬಾಟಲಿಯ ಬಾಯಿಂದ ಚೆಲ್ಲಿದ್ದಲ್ಲ. ನಡುವೆ ಎಲ್ಲಿಂದಲೋ ಒತ್ತಿಕೊಂಡು ಬಂದಿದೆ. ಯಾಕೆ? ಇದನ್ನು ಹೇಳಬಲ್ಲವನು ಈ ಜಿಲ್ಲೆಯಲ್ಲಿ ನೀನೊಬ್ಬನೇ.

ನನಗೆ ಗಾಡಿ ಬೇಡ ಪ್ರವೀಣ. ಅದನ್ನು ಗುಜರಿಗೆ ಹಾಕಲಿ. ಒಂದು ದಿನ ಮನೆಗೆ ಬಾ. ವಿಕ್ರಮನ ಎದುರು ಕೂತು, "ಜೋರ್ ಹೋಗಿರಲಿಲ್ಲ ತಮ್ಮಾ" ಎನ್ನು. ಸಾಕು. ಠಾಣೆಯಲ್ಲಿ ಗಾಬರಿಯಿಂದ ಹೇಳಿದ್ದೆ ಎಂದರೆ ಯಾರು ನಿನ್ನನ್ನು ಗಲ್ಲಿಗೆ ಹಾಕುತ್ತಾರೆ? ಬರುವಾಗ ಹೆಂಡತಿ ಸುರೇಖಾಳನ್ನೂ ಕರೆದುಕೊಂಡು ಬಾ. ಊಟ ಇಲ್ಲೇ.

ಜ್ಯೋತ್ಸ್ನಕ್ಕ


ಹಾವೇರಿ
೮ ಡಿಸೆಂಬರ್ ೨೦೨೫

ಪ್ರವೀಣ,

ನೀನು ಬರಲಿಲ್ಲ, ಬರೆಯಲೂ ಇಲ್ಲ. ಸ್ವೀಕೃತಿ ಚೀಟಿಯಲ್ಲಿ ಸುರೇಖಾಳ ಸಹಿ ಇದೆ, ಪತ್ರ ತಲುಪಿದೆ.

ನಿನ್ನೆ ಕಾಗಿನೆಲೆಗೆ ಹೋಗಿದ್ದೆ. ಮೈಲಪ್ಪನ ಹೆಂಡತಿ ಗುಡ್ಡವ್ವನ ಮನೆಗೆ. ಇಷ್ಟು ದಿನ ಹೋಗಲು ಧೈರ್ಯ ಸಾಕಾಗಿರಲಿಲ್ಲ. ಬಾಗಿಲಲ್ಲೇ ಬೈದು ಕಳಿಸುತ್ತಾಳೆ ಎಂದುಕೊಂಡಿದ್ದೆ. ಅವಳು ಕಂಬಳಿ ಹಾಸಿ, "ಕುಂದ್ರಿ ಅಕ್ಕಾರ, ಬಿಸಲಾಗ ಬಂದೀರಿ" ಎಂದು ನೀರು ಕೊಟ್ಟಳು. ವಿಕ್ರಮ ಊಟ ಮಾಡುತ್ತಾನೋ ಇಲ್ಲವೋ ಎಂದು ಮೊದಲು ಕೇಳಿದವಳು ಅವಳೇ.

ಆ ದಿನ ಗಂಡ ಹೆಂಡತಿ ಇಬ್ಬರೂ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಮಾರಿ ನಿಂತಿದ್ದರಂತೆ. ನಿಮ್ಮ ಬಳಗದ ಗಾಡಿಗಳು ಅಲ್ಲಿಗೆ ಬಂದವು. ವಿಕ್ರಮ ಮೈಲಪ್ಪನನ್ನು ಕರೆದ. ಗುಡ್ಡವ್ವ ಹೇಳಿದ್ದನ್ನು ಹಾಗೇ ಬರೆಯುತ್ತೇನೆ:

"ನಾ ಅಂದ್ನಿರಿ, ಟೆಂಪೋದಾಗ ಬಾ ನನ್ ಕೂಡ, ಯಾಕ ಆ ಬಡಬಡಿ ಗಾಡಿ ಅಂತ. ಎಲ್ಲಿ ಕೇಳ್ತಾನ! ಗಾಡಿ ಸೀಟಿನ ಬುಡಕ ಒಂದ್ ಬಾಟಲಿ ಐತಲ್ರಿ, ಅದರ ಬಾಯಿಗೆ ಬಿಳೇ ಅರಬಿ ಕಟ್ಟಿದ್ರು, ಖಾರದ ಪುಡಿ ಹತ್ತಿ ಕೆಂಪಗ ಆಗಿತ್ತು. ಅದನ್ನ ನೋಡಿ ಇಂವ, 'ಏ ವಿಕ್ರಮಾ, ನಿನ್ ಗಾಡಿ ಮದಲಗಿತ್ತಿ ಆಗೇತೇನೋ, ಮುಸುಕ ಹಾಕೀದಿ? ಅಕ್ಷತಾ ನಾ ಹಾಕ್ಲೇನ?' ಅಂದ. ಇಬ್ರೂ ನಕ್ಕೋಂತ ಹೋದ್ರು. ಅಷ್ಟs ನೋಡ್ರಿ."

ಬಾಟಲಿಯ ಬಾಯಿಗೆ ಬಟ್ಟೆ. ಪ್ರವೀಣ, ನಿನ್ನ ಪತ್ರದಲ್ಲಿ ಪೈಪಿದೆ, ಬಾಟಲಿ ಇದೆ, ನಲ್ಲಿ ಇದೆ, ಗಾಳಿ ಹೋಗುವ ಬಾಯಿಯೂ ಇದೆ. ಬಟ್ಟೆ ಇಲ್ಲ. ಪೊಲೀಸರು ತೆಗೆದ ಫೋಟೊ ವಕೀಲರ ಹತ್ತಿರ ನೋಡಿದೆ. ಅದರಲ್ಲಿ ಬಾಟಲಿಯ ಬಾಯಿ ಬರಿದಾಗಿದೆ, ಪೈಪು ಸರಿಯಾಗಿ ಕೂತಿದೆ. ಮಾರುಕಟ್ಟೆಯಲ್ಲಿದ್ದ ಬಟ್ಟೆ ತಿರುವಿನಲ್ಲಿ ಎಲ್ಲಿ ಹೋಯಿತು?

ಹೊರಡುವಾಗ ಗುಡ್ಡವ್ವ ಕೇಳಿದಳು: "ಅಂವ ಯಾಕ ಸತ್ತ ಅಂತ ಯಾರರ ನನಗ ಬಿಡಿಸಿ ಹೇಳ್ತಾರೇನ್ರಿ ಅಕ್ಕಾರ? ಜೋರ್ ಹೊಡದು ಸತ್ತ ಅಂದ್ರ ನಾ ನಂಬಂಗಿಲ್ಲ. ನಿಮ್ ತಮ್ಮ ಎತ್ತಿನ ಬಂಡಿ ಹಿಂದ ಹಾರನ್ ಹೊಡೀದs ಬರಾಂವ."

ಅವಳ ಪ್ರಶ್ನೆಯನ್ನು ನಿನಗೆ ಕಳಿಸುತ್ತಿದ್ದೇನೆ. ಉತ್ತರ ಬರೆ.

ಜ್ಯೋತ್ಸ್ನಕ್ಕ


ರಾಣೆಬೆನ್ನೂರು
೧೭ ಡಿಸೆಂಬರ್ ೨೦೨೫

ಮೇಡಂ,

ಬಟ್ಟೆಯ ವಿಷಯ ನನಗೆ ಗೊತ್ತಿಲ್ಲ. ಗಾಡಿಯ ಮೇಲೆ ಏನೋ ಇತ್ತು ಎಂದರೆ ಅದನ್ನು ಮೈಲಪ್ಪನೇ ಮಾರುಕಟ್ಟೆಯಲ್ಲಿ ಕಟ್ಟಿರಬೇಕು. ಬ್ಯಾಡಗಿಯಲ್ಲಿ ಸುಗ್ಗಿಯ ದಿನಗಳಲ್ಲಿ ಎಲ್ಲರೂ ಎಲ್ಲದಕ್ಕೂ ಬಟ್ಟೆ ಕಟ್ಟುತ್ತಾರೆ, ಮೂಗಿಗೂ ನೀರಿನ ಕೊಡಕ್ಕೂ. ತೀರಿಹೋದವರ ಮೇಲೆ ಮಾತು ಬರುವುದು ಬೇಡವೆಂದು ನಾನು ಸುಮ್ಮನಿದ್ದೆ.

ಇನ್ನು ಮುಂದೆ ಏನಿದ್ದರೂ ನಿಮ್ಮ ವಕೀಲರ ಮುಖಾಂತರ ಕೇಳಿರಿ. ರಿಜಿಸ್ಟರ್ ಪತ್ರ ಬಂದಾಗಲೆಲ್ಲ ಮನೆಯಲ್ಲಿ ಸುರೇಖಾ ಗಾಬರಿಯಾಗುತ್ತಾಳೆ.

ಪ್ರವೀಣಕುಮಾರ


ಹಾವೇರಿ
೨೬ ಡಿಸೆಂಬರ್ ೨೦೨೫

ಪ್ರವೀಣಕುಮಾರ,

ಸತ್ತವನು ಎದ್ದು ಬಂದು ಇಲ್ಲ ಎನ್ನಲಾರ ಎಂದು ಅವನ ತಲೆಗೆ ಕಟ್ಟಿದಿರಿ. ನಿಮ್ಮ ಪತ್ರವನ್ನು ನಾನು ಗುಡ್ಡವ್ವನಿಗೆ ಓದಿ ಹೇಳಿಲ್ಲ, ಹೇಳುವುದೂ ಇಲ್ಲ.

ವಿಕ್ರಮನನ್ನು ಕೇಳಿದೆ. ಬಟ್ಟೆಯ ಮಾತೆತ್ತಿದರೆ ಅವನಿಗೆ ಅದೊಂದು ಮಾತೇ ಅಲ್ಲ. "ಅದು ಸುಗ್ಗಿ ಮುಸುಕು ಅಕ್ಕಾ. ಪ್ರತಿ ವರ್ಷ ಸಂಕ್ರಾಂತಿ ಆದಮ್ಯಾಲ ಪ್ರವೀಣಣ್ಣನ ಗ್ಯಾರೇಜಿನ್ಯಾಗ ಎಲ್ಲಾರೂ ಸೇರ್ತೇವಿ. ಸುರೇಖಾ ವೈನಿ ಹಳೇ ಧೋತರ ಹರದು ಕೊಡ್ತಾರ. ಅಣ್ಣ ತಾನs ಕೈಯಾರೆ ಮೂರು ಮಡಿಕಿ ಮಾಡಿ ಬಿಗದು ಕಟ್ತಾನ, ಕಾಯಿ ಒಡೀತಾನ. ಬ್ಯಾಡಗಿ ಖಾರದ ಧೂಳು ಎಂಜಿನ್ನಿಗೆ ಹೋಗಬಾರದಂತ. ಸುಗ್ಗಿ ಮುಗಿಯೂತನಕ ಬಿಚ್ಚಂಗಿಲ್ಲ."

ಬಿಚ್ಚುವ ಹಾಗಿಲ್ಲ. ಬಾಟಲಿ ಖಾಲಿ ಮಾಡುವುದು ತಳದ ನಲ್ಲಿಯಿಂದ, ಆದ್ದರಿಂದ ಮೇಲಿನ ಬಟ್ಟೆಯನ್ನು ಯಾರೂ ಮುಟ್ಟುವುದಿಲ್ಲ. ಒಳಗಿನಿಂದ ಎಣ್ಣೆಯ ಹಬೆ, ಹೊರಗಿನಿಂದ ಮೆಣಸಿನಕಾಯಿಯ ಧೂಳು. ವಾರಗಟ್ಟಲೆ. ಅದು ಬಟ್ಟೆಯಾಗಿ ಉಳಿಯುತ್ತದೆಯೇ? ನಾನು ಎಂಜಿನ್ ಬಲ್ಲವಳಲ್ಲ, ಕುಕ್ಕರ್ ಬಲ್ಲೆ. ಸೀಟಿಯ ತೂತಿಗೆ ಬೇಳೆ ಸಿಕ್ಕಿಕೊಂಡರೆ ಹಬೆ ಇನ್ನೊಂದು ದಾರಿ ಹುಡುಕುತ್ತದೆ. ಇಲ್ಲಿ ಅದು ಪೈಪನ್ನೇ ಕಿತ್ತು ಹಾರಿಸಿದೆ. ಪೊಲೀಸರು ಫೋಟೊ ತೆಗೆಯುವ ಮೊದಲು ಯಾರೋ ಅದನ್ನು ಮತ್ತೆ ಸಿಕ್ಕಿಸಿದ್ದಾರೆ. ಎಣ್ಣೆ ವಿಕ್ರಮನ ಕಾಲಿಗೆ ಹೊಡೆದಿದೆ, ಹಿಂದಿನ ಚಕ್ರಕ್ಕೆ ಬಿದ್ದಿದೆ.

"ಹಂಗಿದ್ರ ಎಲ್ಲಾರ ಗಾಡೀಗೂ ಮುಸುಕು ಇತ್ತಲ್ಲ. ಎಲ್ಲಾರೂ ಬಿದ್ದಾರೇನು?" ಎಂದ ವಿಕ್ರಮ.

ನಾನೂ ಅದನ್ನೇ ಯೋಚಿಸಿದೆ. ಎಲ್ಲರ ಗಾಡಿಗೂ ದೊಡ್ಡ ಪಿಸ್ಟನ್ ಇರಲಿಲ್ಲ. ಹೊಸದಾಗಿ ಹಾಕಿಸಿಕೊಂಡವರು ಇಬ್ಬರು, ವಿಕ್ರಮ ಮತ್ತು ಬ್ಯಾಡಗಿಯ ದುರುಗೇಶ. ಮೊನ್ನೆ ದುರುಗೇಶನನ್ನು ಹುಡುಕಿಕೊಂಡು ಹೋದೆ. ದಲಾಲಿ ಅಂಗಡಿಯಲ್ಲಿ ತೂಕ ಮಾಡುತ್ತಾನೆ. ಹೊಸ ಸುಗ್ಗಿಯ ಕಾಯಿ ಬರತೊಡಗಿದೆ. ಸೀನುತ್ತಲೇ ಮಾತಾಡಿದೆವು. ಮುಂದಿನ ಹಲ್ಲು ಒಂದಿಲ್ಲ.

"ಸವಾರಿಗೆ ಒಂದ್ ವಾರ ಮದಲs ನಾ ಬಿದ್ದೆರಿ ಅಕ್ಕಾರ. ಪೈಪು ಫಟ್ಟಂತ ಹಾರ್ತು, ಗಾಡಿ ಕಸರ್ತು. ಹಲ್ಲೊಂದ ಹೋತು. 'ಇನ್ನರ ಮಾತು ಕಮ್ಮಿ ಆಡ್ತಾನ' ಅಂದ್ಲು ನನ್ ಹೆಂಡತಿ. ಗಾಡಿ ರಾಣೆಬೆನ್ನೂರಿಗೆ ಒಯ್ದೆ. ಪ್ರವೀಣಣ್ಣ ಮುಸುಕ ಬಿಚ್ಚಿ ನೋಡ್ದಾ. ಹಂಚಿನಂಗ ಗಟ್ಟಿ ಆಗಿತ್ರಿ ಅದು. ಭಾಳ ಹೊತ್ತು ಕೈಯಾಗ ಹಿಡಕೊಂಡು ನಿಂತ. ಆಮ್ಯಾಲ, 'ಸವಾರಿ ಮುಗೀಲಿ, ಯಾರ ಮುಂದೂ ಅನಬ್ಯಾಡ, ಬೆಂಗಳೂರಿನ ಗಿರಾಕಿಗೋಳು ನನ್ ಕೆಲಸ ನೋಡಾಕ ಬರಾಕತ್ತಾರ' ಅಂದ."

"ನ್ಯಾಯಾಲಯದಲ್ಲಿ ಹೇಳ್ತೀಯೇನಪ್ಪಾ?" ಎಂದೆ.

"ನನ್ ಗಾಡೀದು ಹೇಳ್ತೀನ್ರಿ. ವಿಕ್ರಮಣ್ಣನ ಗಾಡೀದು ನಾ ಹೆಂಗ ಹೇಳ್ಲಿ? ನಾ ನೋಡಿಲ್ಲ. ನೋಡಿದಾಂವ ಒಬ್ಬನs."

ಹೌದು, ಒಬ್ಬರೇ. ಒಂದು ವಾರ ಮೊದಲೇ ನಿಮಗೆ ಗೊತ್ತಿತ್ತು. ವಿಕ್ರಮನಿಗೆ ಒಂದು ಫೋನ್ ಮಾಡಿ "ಮುಸುಕು ಬಿಚ್ಚೋ" ಎಂದಿದ್ದರೆ ಮೈಲಪ್ಪ ಈ ಸುಗ್ಗಿಗೆ ಕಾಯಿ ತರುತ್ತಿದ್ದ.

ಸಿಟ್ಟಿನಲ್ಲಿ ಬರೆಯಲು ಕೂತಿದ್ದೆ, ಇಲ್ಲಿಗೆ ಬಂದಾಗ ಸಿಟ್ಟು ಉಳಿದಿಲ್ಲ. ಕೇಳು ಪ್ರವೀಣ. ವಿಕ್ರಮ ನಿನ್ನೆ ತನ್ನ ಅಂಗಡಿಯ ಬೀಗದ ಕೈಯನ್ನು ನನಗೆ ಕೊಟ್ಟ. "ಬಾಡಿಗಿಗೆ ಕೊಡು, ನಂದು ಇನ್ನೇನದ" ಎಂದ. ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನೂ ಮರೆಯುತ್ತಿದ್ದಾನೆ. ಅವನ ಕೋಣೆಯ ಒಳಗಿನ ಚಿಲಕವನ್ನು ತೆಗೆಸಿದ್ದೇನೆ. ಯಾಕೆಂದು ನಿನಗೆ ಬಿಡಿಸಿ ಬರೆಯಲಾರೆ. ೧೨ನೇ ತಾರೀಖಿನ ಒಳಗೆ ಬಾ. ನಾನು ಯಾರ ಮುಂದೆಯೂ ಕೈ ಮುಗಿದವಳಲ್ಲ. ನಿನಗೆ ಮುಗಿಯುತ್ತೇನೆ.

ಜ್ಯೋತ್ಸ್ನಾ


ರಾಣೆಬೆನ್ನೂರು
೧೦ ಜನವರಿ ೨೦೨೬

ಅಕ್ಕಾ,

ನಿಮ್ಮ ಪತ್ರ ಓದಿದೆ. ಸುರೇಖಾಳೂ ಓದಿದಳು. ಆಮೇಲೆ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ಧೋತರ ಹರಿದು ಕೊಟ್ಟದ್ದು ತಾನು ಎಂಬುದು ಅವಳ ತಲೆ ಹೊಕ್ಕಿದೆ.

ನಿಮ್ಮ ಮಾತಿಗೆ ನಾನು ಮಾಡಬೇಕಾದ್ದನ್ನು ಮಾಡಿದ್ದೇನೆ. ಇದರ ಜೊತೆ ಇಟ್ಟಿರುವ ಸೂಚನೆ ಬಳಗದ ಎಲ್ಲರಿಗೂ ಹೋಗಿದೆ. 'ಈ ವರ್ಷದಿಂದ ಬಾಟಲಿಗೆ ಸುಗ್ಗಿ ಮುಸುಕು ಕಟ್ಟುವ ಪದ್ಧತಿಯನ್ನು ಕೈಬಿಡಲಾಗಿದೆ. ಸದಸ್ಯರು ಸಹಕರಿಸಬೇಕು.' ಗ್ಯಾರೇಜಿಗೆ ಬಂದ ಗಾಡಿಗಳ ಬಾಟಲಿಯನ್ನು ನಾನೇ ತೆರೆದು ನೋಡಿ ಕಳಿಸುತ್ತಿದ್ದೇನೆ. ಇನ್ನು ಯಾರೂ ಬೀಳುವುದಿಲ್ಲ. ಅದಕ್ಕಿಂತ ಹೆಚ್ಚು ನನ್ನಿಂದ ಆಗದು.

ಇಪ್ಪತ್ತೈದು ವರ್ಷ ಜನ ನನ್ನ ಕೈ ನಂಬಿ ಎಂಜಿನ್ ಬಿಟ್ಟು ಹೋಗಿದ್ದಾರೆ. ನಾಲ್ಕು ಜನ ಕೆಲಸಗಾರರ ಮನೆ ನಡೆಯುತ್ತಿದೆ. ಅದೆಲ್ಲ ಒಂದು ತುಂಡು ಬಟ್ಟೆಗೆ ಹೋಗಬೇಕೇ? ವಿಕ್ರಮ ತಪ್ಪೊಪ್ಪಿಕೊಂಡರೆ ಸಣ್ಣ ಶಿಕ್ಷೆಯಲ್ಲಿ ಮುಗಿಯಬಹುದು ಎಂದು ನನ್ನ ಪರಿಚಯದ ವಕೀಲರು ಹೇಳುತ್ತಾರೆ.

ಆ ದಿನ ರಸ್ತೆಯ ಮೇಲೆ ಎಲ್ಲರೂ ಮೈಲಪ್ಪನ ಕಡೆಗೆ ಓಡಿದರು. ನಾನು ಗಾಡಿಯ ಕಡೆಗೆ ಹೋದೆ. ಯಾಕೆ ಎಂದು ದಯವಿಟ್ಟು ಕೇಳಬೇಡಿ. ನನಗೂ ನಿದ್ದೆ ಇಲ್ಲ ಅಕ್ಕಾ.


ಹಾವೇರಿ
೧೭ ಜನವರಿ ೨೦೨೬

ಶ್ರೀ ಪ್ರವೀಣಕುಮಾರ ಅವರಿಗೆ,
ಪ್ರತಿ: ಹಳೆ ಮೋಟಾರ್ ಸೈಕಲ್ ಬಳಗದ ಪ್ರತಿಯೊಬ್ಬ ಸದಸ್ಯರಿಗೆ

ನಿಮ್ಮ ಪತ್ರ ನನಗೆ ಸಿಕ್ಕದ್ದು ೧೩ರಂದು. ನ್ಯಾಯಾಲಯ ೧೨ಕ್ಕಿತ್ತು. ಹಬ್ಬದ ಗದ್ದಲದಲ್ಲಿ ಅಂಚೆ ತಡವಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಮೊಹರು ನೋಡಿದರೆ ನೀವು ೧೦ಕ್ಕೆ ಬರೆದು ೧೨ರ ಮಧ್ಯಾಹ್ನ ಅಂಚೆಗೆ ಹಾಕಿದ್ದೀರಿ. ಪತ್ರದ ಕೆಳಗೆ ನಿಮ್ಮ ಸಹಿಯೂ ಇಲ್ಲ.

ವಿಕ್ರಮ ಕಟಕಟೆಯಲ್ಲಿ ನಿಂತು ತಪ್ಪು ನನ್ನದು ಎಂದ. ನ್ಯಾಯಾಧೀಶರು ತಕ್ಷಣ ಬರೆದುಕೊಳ್ಳಲಿಲ್ಲ. "ನಿಮಗೆ ಘಟನೆ ನೆನಪಿದೆಯೇ?" ಎಂದು ಕೇಳಿದರು. "ಇಲ್ಲ, ಆದರ ನೋಡಿದವರು ಹೇಳ್ಯಾರ" ಎಂದ. ಅವರು ಪೆನ್ನು ಕೆಳಗಿಟ್ಟು, ವಕೀಲರ ಜೊತೆ ಇನ್ನೊಮ್ಮೆ ಮಾತಾಡಿ ಬನ್ನಿ ಎಂದು ಫೆಬ್ರುವರಿ ೪ಕ್ಕೆ ಮುಂದೂಡಿದರು. ನೋಡಿದವರು ಎಂದರೆ ಯಾರು ಎಂದು ಆ ಕೋಣೆಯಲ್ಲಿ ಯಾರೂ ಕೇಳಲಿಲ್ಲ. ನೀವೂ ಅಲ್ಲಿರಲಿಲ್ಲ.

ನಿಮ್ಮ ಪತ್ರವನ್ನು ವಕೀಲರಿಗೆ ಕೊಟ್ಟಿದ್ದೇನೆ. ಹೇಳದೆ ಮಾಡುವ ಸ್ವಭಾವ ನನ್ನದಲ್ಲ, ಆದ್ದರಿಂದ ಹೇಳುತ್ತಿದ್ದೇನೆ. ಸಹಿಯಿಲ್ಲದ ಕಾಗದ, ಗಾಡಿಯ ಕಡೆಗೆ ಹೋದೆ ಎಂಬ ಅರ್ಧ ಮಾತು, ಇದರಿಂದ ಹೆಚ್ಚೇನೂ ಆಗದು, ಆ ಮನುಷ್ಯನೇ ಬಂದು ಹೇಳಬೇಕು ಎಂದರು. ವಿಕ್ರಮನಿಗೆ ಓದಿ ಹೇಳಿದೆ. ಅವನೆಂದ: "ಅಕ್ಕಾ, ನೀ ಭಾಳ ಪುಸ್ತಕಾ ಓದೀದಿ. ಒಂದು ಮಾತಿನಿಂದ ಹತ್ತು ಅರ್ಥ ತಗೀತೀ. ಗಾಡಿ ಕಡೆ ಹೋದದ್ದು ಪೆಟ್ರೋಲ್ ಬಂದ್ ಮಾಡಲಿಕ್ಕೆ ಇರಬೇಕು. ಮುಸುಕು ಬಿಟ್ಟದ್ದು ಚಂದ ಕಾಣೂದಿಲ್ಲಂತ ಇರಬೇಕು. ಏನಿದ್ರೂ ಪ್ರವೀಣಣ್ಣ ನನ್ನ ಮುಂದ ನಿಂತು ಹೇಳಲಿ." ಎಂಥ ನಂಬಿಕೆ ನೋಡಿ. ಒಡಹುಟ್ಟಿದವಳ ಮಾತಿಗಿಂತ ನಿಮ್ಮ ಮೌನದ ಮೇಲೆ ಅವನಿಗೆ ಹೆಚ್ಚು ಭರವಸೆ.

ಇನ್ನು ನಿಮ್ಮ ಸೂಚನೆಯ ಮಾತು. ಕಾರಣ ಬರೆಯದ ಸೂಚನೆಯನ್ನು ಯಾರು ಪಾಲಿಸುತ್ತಾರೆ? ಗುರುವಾರ ಬ್ಯಾಡಗಿಗೆ ಹೋದಾಗ ಮಾರುಕಟ್ಟೆಯ ಗೇಟಿನ ಹತ್ತಿರ ನಿಮ್ಮ ಬಳಗದ ಸ್ಟಿಕರ್ ಹಚ್ಚಿದ ಬುಲೆಟ್ ನಿಂತಿತ್ತು, ಬಾಟಲಿಯ ಬಾಯಿಗೆ ಹೊಚ್ಚ ಹೊಸ ಬಿಳಿ ಬಟ್ಟೆ. ಅಸ್ಲಮ್ ಎಂಬ ತರುಣ, ಹಿಂದಿನ ಸೀಟಿನಲ್ಲಿ ಅವನ ತಾಯಿ. ನೋಟೀಸು ಬರಲಿಲ್ಲವೇನಪ್ಪಾ ಎಂದೆ. "ಬಂದೈತ್ರಿ. ಖಾರ ಒಳಗ ಹೊಕ್ಕು ಎಂಜಿನ್ ಕೆಟ್ರ ನೋಟೀಸು ರಿಪೇರಿ ಮಾಡತೈತೇನ್ರಿ? ನಾನs ಕಟ್ಟಿಕೊಂಡೆ, ಅಣ್ಣ ಕಲಿಸಿದಂಗs, ಮೂರು ಮಡಿಕಿ." ಪಿಸ್ಟನ್ ಯಾವುದು ಎಂದು ಕೇಳಿದೆ. "ದೊಡ್ಡದs ರಿ! ದೀಪಾವಳಿಗೆ ಹಾಕಿಸೀನಿ" ಎಂದು ಎದೆಯುಬ್ಬಿಸಿದ. ನಾನು ರಸ್ತೆಯ ಮೇಲೇ ಕೂತು, ಉಗುರು ಮುರಿದುಕೊಂಡು ಆ ಗಂಟು ಬಿಚ್ಚಿದೆ. ಜನ ಸೇರಿ, ಮುದುಕಿಗೆ ತಲೆ ಕೆಟ್ಟಿದೆ ಎಂದು ನಕ್ಕರು. ಅವನ ತಾಯಿಯೂ ನಕ್ಕಳು. ನಾನು ಹೋದ ಮೇಲೆ ಅವನು ಮತ್ತೆ ಕಟ್ಟಿಕೊಂಡಿದ್ದಾನೋ ಏನೋ ನನಗೆ ಗೊತ್ತಿಲ್ಲ. ನಾನು ಹೇಳಿದರೆ ಅವನು ಯಾಕೆ ಕೇಳಬೇಕು?

ಇನ್ನು ಯಾರೂ ಬೀಳುವುದಿಲ್ಲ ಎಂದು ಬರೆದಿರಿ. ನಿಮ್ಮ ಮಾತಿನ ಮೇಲೆ ಓಡಾಡುವ ಜನರಿಗೆ ನೀವು ಕಾರಣ ಹೇಳದಿದ್ದರೆ ಅವರು ಬೀಳುತ್ತಲೇ ಇರುತ್ತಾರೆ. ಮತ್ತೆ ಪ್ರತಿ ಸಲ ನೀವು ಠಾಣೆಗೆ ಹೋಗಿ, ಜೋರ್ ಹೊಂಟಿದ್ದ ಎನ್ನುವಿರಾ?

ಫೆಬ್ರುವರಿ ೧, ರವಿವಾರ ಬೆಳಿಗ್ಗೆ ನಿಮ್ಮ ಈ ವರ್ಷದ ಸವಾರಿ ಬ್ಯಾಡಗಿ ಮಾರುಕಟ್ಟೆಯ ಮುಂದೆ ಸೇರುತ್ತದೆ. ನಾನು ವಿಕ್ರಮನನ್ನು ಕರೆದುಕೊಂಡು ಬರುತ್ತೇನೆ. ಅವನು ಬರಲು ಒಪ್ಪಿದ್ದಾನೆ, ನಿಮ್ಮನ್ನು ನೋಡಲು. ಗುಡ್ಡವ್ವ ಬರುತ್ತಾಳೆ. ದುರುಗೇಶನೂ ಬರುತ್ತಾನೆ. ಗ್ಯಾರೇಜು ಉಳಿಯುತ್ತದೋ ಹೋಗುತ್ತದೋ ನಾನು ಹೇಳಲಾರೆ. ನನಗೆ ಗೊತ್ತಿರುವುದು ಇಷ್ಟೇ, ನಾಲ್ಕನೆಯ ತಾರೀಖಿಗೆ ನನ್ನ ತಮ್ಮ ಮತ್ತೆ ಆ ಕಟಕಟೆ ಹತ್ತುತ್ತಾನೆ, ನೀವು ಬಾಯಿ ಬಿಡದಿದ್ದರೆ ಅದೇ ಮಾತು ಆಡುತ್ತಾನೆ. ಆಮೇಲೆ ನೀವು ಏನು ಹೇಳಿದರೂ ಅದು ಅವನಿಗೆ ಕೇಳಿಸುವುದಿಲ್ಲ.

ಆದ್ದರಿಂದ ಎಲ್ಲರ ಎದುರಿಗೆ ಕೇಳುತ್ತಿದ್ದೇನೆ, ಎಲ್ಲರ ಎದುರಿಗೆ ಉತ್ತರ ಕೊಡಿ. ದುರುಗೇಶ ಬಿದ್ದ ಮೇಲೆ ವಿಕ್ರಮನಿಗೆ ಯಾಕೆ ಹೇಳಲಿಲ್ಲ? ಮೈಲಪ್ಪ ರಸ್ತೆಯ ಮೇಲೆ ಬಿದ್ದಿದ್ದಾಗ ನಿಮ್ಮ ಕೈ ಗಾಡಿಯ ಮೇಲೆ ಏನು ಮಾಡುತ್ತಿತ್ತು? ಅಲ್ಲಿಂದ ತೆಗೆದದ್ದನ್ನು ಎಲ್ಲಿ ಇಟ್ಟಿದ್ದೀರಿ? ವಿಕ್ರಮ ಜೋರಾಗಿ ಹೋಗುತ್ತಿದ್ದನೇ, ಹೌದೋ ಅಲ್ಲವೋ? ಅವನ ಕಣ್ಣು ನೋಡಿ ಹೇಳಿ.

ಜ್ಯೋತ್ಸ್ನಾ ಸವಣೂರ